ಜಟ್ಟಿ ಅಂಬಿಗನ ಮೋಟಾರು ಮತ್ತು ಬಿಳಿ ಪಂಚೆ

ಈ ಹೊಳೆಗೆ ಸೇತುವೆ ಎಂಬ ಮಾತು ಇನ್ನೂ ಯಾರ ಬಾಯಲ್ಲೂ ಹುಟ್ಟಿರಲಿಲ್ಲ, ಅಷ್ಟು ಹಿಂದಿನ ಮಾತು. ಹೊಳೆ ಸಮುದ್ರಕ್ಕೆ ಸೇರುವ ಅಳಿವೆಯ ಹತ್ತಿರ, ನೀರಿನ ನಡುವೆ ಒಂದು ಊರಿತ್ತು. ಹೊನ್ನೆಕುರ್ವೆ ಅಂತ ಅದರ ಹೆಸರು. ಕುರ್ವೆ ಅಂದರೆ ಗೊತ್ತಲ್ಲ, ಸುತ್ತ ನೀರು, ನಡುವೆ ನೆಲ. ಆ ಊರಲ್ಲಿ ಜಟ್ಟಿ ಅಂಬಿಗ ಅಂತ ಒಬ್ಬನಿದ್ದ. ಜನರನ್ನು ದೋಣಿಯಲ್ಲಿ ದಾಟಿಸುವುದು ಅವನ ಕೆಲಸ.

ಅವನ ಬಗ್ಗೆ ಜನ ಏನೇನು ಹೇಳುತ್ತಾರೆ! ಹೊಳೆಯ ನೀರಲ್ಲಿ ಬೆರಳದ್ದಿ ನಾಲಿಗೆಗಿಟ್ಟರೆ ಉಬ್ಬರ ಯಾವಾಗ, ಇಳಿತ ಯಾವಾಗ ಅಂತ ಹೇಳಿಬಿಡುತ್ತಿದ್ದನಂತೆ. ಹೆದರಿದ ಎಮ್ಮೆಯೊಂದನ್ನು ದೋಣಿಯಲ್ಲಿ ನಿಲ್ಲಿಸಿ, ಅದರ ಕಿವಿಯಲ್ಲಿ ಏನೋ ಉಸುರಿ, ಒಂದಿಷ್ಟೂ ಅಲುಗಾಡದಂತೆ ಆಚೆ ದಡ ಸೇರಿಸಿದನಂತೆ. ಏನು ಉಸುರಿದ ಅಂತ ಕೇಳಬೇಡಿ, ಅದು ಎಮ್ಮೆಗೇ ಗೊತ್ತು. ಹಿಂದಿನವರು ಹೇಳುವಾಗ ಅದು ಒಂದೇ ಎಮ್ಮೆಯಾಗಿತ್ತು. ಈಗಿನವರ ಬಾಯಲ್ಲಿ ಒಂದು ಹಿಂಡೇ ಆಗಿದೆ. ಇರಲಿ, ಜಟ್ಟಿ ಎಮ್ಮೆಯ ಹಿಂಡನ್ನೂ ದಾಟಿಸಬಲ್ಲವನೇ.

ಅಂಥ ಜಟ್ಟಿಗೂ ಆಗದ ಕೆಲಸ ಒಂದಿತ್ತು. ಇಳಿತದ ಹೊತ್ತಲ್ಲಿ ಹೊಳೆಯ ನೀರೆಲ್ಲ ಸಮುದ್ರದ ಕಡೆ ಓಡುತ್ತದೆ. ಆಗ ಹುಟ್ಟು ಹಾಕಿ ದಾಟಲು ಹೋದರೆ ದೋಣಿ ಸೀದಾ ಅಳಿವೆಯ ಬಾಯಿಗೆ. ಹಾಗಾಗಿ ಇಳಿತ ಮುಗಿಯುವ ತನಕ ಕುರ್ವೆಯವರು ಕುರ್ವೆಯಲ್ಲಿ, ದಡದವರು ದಡದಲ್ಲಿ. ಇದರಿಂದಾಗಿ ಹೊನ್ನೆಕುರ್ವೆಗೆ ಹೆಣ್ಣು ಕೊಡುವವರೇ ಇರಲಿಲ್ಲವಂತೆ. ಊರ ತುಂಬ ಮದುವೆಯಾಗದ ಗಂಡುಗಳು, ಅಡುಗೆ ಮಾಡಿ ಮಾಡಿ ಸೊಂಟ ಬಿದ್ದ ಅಮ್ಮಂದಿರು.

ಆಚೆ ದಡದಲ್ಲಿ ಮಾದೇವಿ ಅಂತ ಹುಡುಗಿ. ಹೊಳೆಯಲ್ಲಿ ಮುಳುಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕಿ ಮಾರುವವಳು, ಬಾಯಿ ಜೋರು, ನಗು ಅದಕ್ಕಿಂತ ಜೋರು. ಜಟ್ಟಿ ದೋಣಿ ಕಟ್ಟುವಾಗೆಲ್ಲ ಅವಳು ಬಳಚಿನ ಬುಟ್ಟಿ ಇಟ್ಟುಕೊಂಡು ಅಲ್ಲೇ ಕೂತಿರುತ್ತಿದ್ದಳು. ಬಳಚು ತಿಂದರೆ ಮೈ ಕೆರೆಯುವ ಜಟ್ಟಿ ದಿನಾ ಬಳಚು ಕೊಳ್ಳತೊಡಗಿದ ಮೇಲೆ ಊರಿಗೆ ವಿಷಯ ಗೊತ್ತಾಯಿತು. ಅವಳಿಗೂ ಮನಸ್ಸಿತ್ತು. ಮನಸ್ಸಿಲ್ಲದಿದ್ದದ್ದು ಅವಳ ಅಪ್ಪ ಬೊಮ್ಮಣ್ಣನಿಗೆ. ಹೆಂಡತಿ ತೀರಿಕೊಂಡ ಮೇಲೆ ಅವನಿಗೆ ಇದ್ದವಳು ಅವಳೊಬ್ಬಳೇ.

"ನೀನು ಒಳ್ಳೆಯವ್ನೇ ಮಾರಾಯ, ಇಲ್ಲ ಅಂಬುದಿಲ್ಲ," ಅಂದನಂತೆ ಬೊಮ್ಮಣ್ಣ. "ಆದ್ರೆ ಮಗಳಿಗೆ ನನ್ನ ನೆನಪಾದ ಹೊತ್ತಿಗೆ ಇಳಿತ ಇದ್ರೆ ಅವ್ಳು ಎಂತ ಮಾಡೂದು? ಆಚೆ ದಡದಲ್ಲಿ ಕೂತು ಅಳೂದಾ?"

ಬೊಮ್ಮಣ್ಣ ಆಮೇಲೆ ಒಂದು ಮಾತು ಹೇಳಿದ. ಬರುವ ಹುಣ್ಣಿಮೆಯ ಮರುದಿನ, ಇಳಿತ ಜೋರಿರುವಾಗಲೇ ತಾನು ಮನೆ ನೋಡಲು ಬರುವುದಾಗಿ, ಆಗ ತನ್ನನ್ನು ದಾಟಿಸಿದರೆ ಹೆಣ್ಣು ಕೊಡುವುದಾಗಿ, ಇಲ್ಲದಿದ್ದರೆ ಬೇರೆ ಕಡೆ ನೋಡುವುದಾಗಿ.

ಆ ಕಾಲದಲ್ಲಿ ಬಂದರಿನ ಕಡೆ ಹೊಸದೊಂದು ವಸ್ತು ಬಂದಿತ್ತು. ದೋಣಿಯ ಹಿಂದಿನ ಹಲಗೆಗೆ ಕಚ್ಚಿಸಿ ಹಗ್ಗ ಎಳೆದರೆ ಗುರ್ರ್ ಅನ್ನುವ ಮೋಟಾರು. ಹೊಸತನ್ನು ಮುಟ್ಟುವ ಯೋಗ್ಯತೆ ಜಟ್ಟಿಗೆಲ್ಲಿ? ಪಾಂಡು ಮೇಸ್ತ ಎಂಬ ಮೀನುಗಾರನ ಬಲೆ ಮನೆಯ ಮೂಲೆಯಲ್ಲಿ ಹಳೆಯದೊಂದು ಬಿದ್ದಿತ್ತು. ಸಣ್ಣದು, ಬಣ್ಣ ಹೋದದ್ದು. ಸ್ವಲ್ಪ ದೂರ ಓಡಿ ಮೈ ಕಾದು ನಿಂತುಬಿಡುತ್ತದೆ ಅಂತ ಮೇಸ್ತ ಅದನ್ನು ಮೂಲೆಗೆ ಹಾಕಿದ್ದ.

ಜಟ್ಟಿ ಅದನ್ನು ನೋಡಿದ ಬಗೆಯನ್ನು ಇವತ್ತಿಗೂ ಹೇಳುತ್ತಾರೆ. ಬಂದರಿನಲ್ಲಿ ಮೋಟಾರು ಬಿಚ್ಚುವವರ ಹತ್ತಿರ ಹಲವು ದಿನ ಕೂತು ಕಣ್ಣಲ್ಲೇ ಕಲಿತು ಬಂದಿದ್ದ. ಹಗ್ಗವನ್ನು ಮೆಲ್ಲಗೆ ಎಳೆದು, ಒಳಗಿನ ಬಿಗಿ ಎಷ್ಟಿದೆ ಅಂತ ಕೈಯಲ್ಲೇ ತೂಗಿದ. ನೀರು ತಳ್ಳುವ ಫ್ಯಾನಿನ ರೆಕ್ಕೆಗಳ ಅಂಚನ್ನು ಬೆರಳಿಂದ ಸವರಿದ. ಕೆಳಗಿನ ಸ್ಕ್ರೂ ಬಿಚ್ಚಿ ಗೇರಿನ ಎಣ್ಣೆ ಅಂಗೈಗೆ ಬಿಟ್ಟುಕೊಂಡ. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಒಳಗೆ ನೀರು ಹೊಕ್ಕಿದೆ ಅಂತ ಅರ್ಥ. ಹಾಗಾಗಿರಲಿಲ್ಲ. ಮೂಸಿ ನೋಡಿದ, ಅಲುಗಾಡಿಸಿ ನೋಡಿದ, ಮಲಗಿಸಿ ನೋಡಿದ.

"ಹೆಣ್ಣು ನೋಡೂಕೆ ಬಂದವ್ರೂ ಇಷ್ಟು ನೋಡೂದಿಲ್ಲ ಮಾರಾಯ!" ಅಂದನಂತೆ ಮೇಸ್ತ.

"ಹೆಣ್ಣು ನೋಡಿ ಆಗಿದೆ," ಅಂದನಂತೆ ಜಟ್ಟಿ. "ಅವ್ಳು ಸಿಕ್ಕೂಕೆ ಇದು ಬೇಕು."

ಮೇಸ್ತ ನಕ್ಕು ನಕ್ಕು ಸುಸ್ತಾದ. ಜಟ್ಟಿ ಸೊಂಟದ ಬೆಳ್ಳಿ ಉಡಿದಾರ ಬಿಚ್ಚಿ ಕೊಟ್ಟ. ಮೋಟಾರಿನ ಜೊತೆಗೆ, ನೀರೆಳೆಯುವ ಹೊಸ ರಬ್ಬರ್ ಚಕ್ರವೊಂದನ್ನು ಮೇಸ್ತ ಸುಮ್ಮನೆ ಕೊಟ್ಟ. ಮದುವೆಯ ಉಡುಗೊರೆ ಅಂತ ಇಟ್ಟುಕೋ ಅಂದನಂತೆ.

ಹೊನ್ನೆ ಮರದ ಕೆಳಗೆ ಹಳೆ ಚಾಪೆ ಹಾಸಿ ಜಟ್ಟಿ ಮೋಟಾರು ಬಿಚ್ಚಿದ. ಊರಿಗೆ ಊರೇ ಸುತ್ತ ಕೂತಿತು. ಕೋಳಿಗರಿಯನ್ನು ಸೀಮೆಎಣ್ಣೆಯಲ್ಲಿ ಅದ್ದಿ ಕಾರ್ಬೋರೇಟರಿನ ಸಣ್ಣ ಸಣ್ಣ ತೂತು ಬಿಡಿಸಿದ. ಪ್ಲಗ್ಗು ತಿಕ್ಕಿದ. ಹರಿದ ರಬ್ಬರ್ ಚಕ್ರ ತೆಗೆದು ಹೊಸದು ಕೂರಿಸಿದ. ಮತ್ತೆ ಜೋಡಿಸಿ ಹೊಳೆಯಲ್ಲಿ ಓಡಿಸಿ ನೋಡಿದ. ಆರೋಗ್ಯವಾಗಿರುವ ಮೋಟಾರು ಹೊಟ್ಟೆಯೊಳಗೆ ನೀರು ಎಳೆದು, ಮೈ ತಣ್ಣಗೆ ಮಾಡಿಕೊಂಡು, ಪಕ್ಕದ ಸಣ್ಣ ತೂತಿನಿಂದ ಸಣ್ಣ ಧಾರೆಯಾಗಿ ಹೊರಗೆ ಬಿಡಬೇಕು. ಇದು ಬಿಡಲಿಲ್ಲ. ಮೈ ಕಾದು ಕೆಂಡ.

ಕಾರಣ ಜಟ್ಟಿಗೆ ಹೊಳೆಯಿತು. ಮೇಸ್ತ ಅದನ್ನು ವರ್ಷಗಟ್ಟಲೆ ಉಪ್ಪುನೀರಲ್ಲಿ ಓಡಿಸಿ ಹಾಗೇ ಇಟ್ಟಿದ್ದ. ನೀರು ಹರಿಯುವ ದಾರಿಯಲ್ಲೆಲ್ಲ ಉಪ್ಪು ಗಟ್ಟಿಯಾಗಿ ಕೂತಿತ್ತು. ಅದು ಕರಗಬೇಕಾದರೆ ಪೀಪಾಯಿ ತುಂಬ ಸಿಹಿನೀರಲ್ಲಿ ಮೋಟಾರು ಮುಳುಗಿಸಿಟ್ಟು ಓಡಿಸಬೇಕು, ಒಂದು ಸಲವಲ್ಲ, ಮತ್ತೆ ಮತ್ತೆ.

ಸಿಹಿನೀರು! ಹೊನ್ನೆಕುರ್ವೆಯಲ್ಲಿ ಎಲ್ಲಿ ತೋಡಿದರೂ ಸವುಳು. ಕುಡಿಯುವ ನೀರು ಆಚೆ ದಡದ ಬಾವಿಯಿಂದ ಜಟ್ಟಿಯ ದೋಣಿಯಲ್ಲೇ ಬರಬೇಕು, ಅದೂ ಬಾವಿಯವರು ಮನೆಗಿಷ್ಟು ಅಂತ ಕೊಟ್ಟಷ್ಟೇ. ಕೋಳಿ ಕೇಳಿದರೆ ಕೊಟ್ಟಾರು, ಒಂದು ತಂಬಿಗೆ ಸಿಹಿನೀರು ಕೇಳಿದರೆ ಮುಖ ತಿರುಗಿಸುವ ಊರು ಅದು. ಯಂತ್ರದ ಹೊಟ್ಟೆ ತೊಳೆಯಲು ನೀರು ಕೊಡಿ ಅಂತ ಯಾವ ಬಾಯಲ್ಲಿ ಕೇಳುವುದು? ಅಷ್ಟು ದೊಡ್ಡ ಜಟ್ಟಿ ಅಂಬಿಗ ಖಾಲಿ ಪೀಪಾಯಿಗೆ ಒರಗಿ ತಲೆ ತಗ್ಗಿಸಿ ಕೂತುಬಿಟ್ಟನಂತೆ.

ಆಗ ಗೌರಕ್ಕ ಬಂದಳು. ನೀರಿನ ವಿಷಯದಲ್ಲಿ ಅವಳಷ್ಟು ಜಿಪುಣಿ ಇನ್ನೊಬ್ಬಳಿರಲಿಲ್ಲ. ನೆಂಟರು ಬಂದರೆ ಕೊಡದ ಮೇಲೆ ತಾನೇ ಕೂರುತ್ತಿದ್ದಳಂತೆ. ಅಂಥವಳು ಸೊಂಟದ ಮೇಲೆ ತುಂಬಿದ ಕೊಡ ಹೊತ್ತು ಬಂದು ಪೀಪಾಯಿಗೆ ಬಗ್ಗಿಸಿದಳು.

"ಬಾಯಿ ಬಿಟ್ಟು ಕೇಳೂಕೆ ನಿಂಗೆ ಎಂತ ರೋಗ?" ಅಂತ ಬೈದಳು. "ನಿನ್ನ ಮೋಟಾರು ಓಡಿದ್ರೆ ಸೈ, ನನ್ನ ಮಗನಿಗೂ ಹೆಣ್ಣು ಸಿಕ್ತದೆ!"

ಅದನ್ನು ಕೇಳಿದ್ದೇ ತಡ, ಗಂಡು ಮಕ್ಕಳಿರುವ ಮನೆಗಳಿಂದೆಲ್ಲ ಕೊಡಗಳು ಹೊರಟವು. ಗಂಡು ಮಕ್ಕಳಿಲ್ಲದವರೂ ತಂಬಿಗೆಯಲ್ಲಿ ತಂದರು. ಆ ದಿನ ಊರಲ್ಲಿ ಗಂಜಿ ಗಟ್ಟಿಯಾಗಿತ್ತಂತೆ, ಯಾರೂ ದೂರಲಿಲ್ಲವಂತೆ. ಪೀಪಾಯಿ ತುಂಬಿತು. ಜಟ್ಟಿ ಹಗ್ಗ ಎಳೆದ. ಮೋಟಾರು ಓಡಿತು, ಕಾಯಿತು, ನಿಲ್ಲಿಸಿದ. ತಣಿದ ಮೇಲೆ ಮತ್ತೆ ಎಳೆದ. ಕೊನೆಗೊಮ್ಮೆ ತೂತಿನಿಂದ ಬಿಳಿ ಉಪ್ಪಿನ ಪುಡಿ ಉದುರಿತು, ಅದರ ಹಿಂದೆಯೇ ದಾರದಷ್ಟು ತೆಳ್ಳಗೆ ನೀರು ಚಿಮ್ಮಿತು.

"ಉಚ್ಚೆ ಹೊಯ್ತು! ಮೋಟಾರು ಉಚ್ಚೆ ಹೊಯ್ತು!" ಅಂತ ಊರಿನ ಮಕ್ಕಳೆಲ್ಲ ಕುಣಿದರು. ಮಕ್ಕಳಷ್ಟೇ ಅಲ್ಲ, ಗೌರಕ್ಕನೂ ಸೆರಗು ಸಿಕ್ಕಿಸಿಕೊಂಡು ಕುಣಿದಳು ಅಂತ ಹೇಳುತ್ತಾರೆ.

ಹುಣ್ಣಿಮೆ ಕಳೆಯಿತು. ಜಟ್ಟಿ ಬೊಮ್ಮಣ್ಣನನ್ನು ಕರೆತರಲು ಹೊರಡುವ ಮುಂಚೆ ಗೌರಕ್ಕ ಮೋಟಾರಿಗೆ ಪೂಜೆ ಮಾಡಿದಳು. ಹೂ ಏರಿಸಿದಳು, ಅರಿಶಿನ ಬಳಿದಳು. ಬೊಟ್ಟು ಎಲ್ಲಿಡುವುದು ಅಂತ ಹುಡುಕಿದಳು. ಹಣೆಬೊಟ್ಟಿಗೆ ಅಂತಲೇ ಮಾಡಿಟ್ಟಂತೆ ಪಕ್ಕದಲ್ಲಿ ಗುಂಡಗೆ ಒಂದು ತೂತು ಕಂಡಿತು. ಅರಿಶಿನ ಕುಂಕುಮ ಕಲಸಿ ಅದರೊಳಗೇ ಒತ್ತಿ ಒತ್ತಿ ಇಟ್ಟಳು. ದೋಣಿ ಕಟ್ಟಿದ ಹಗ್ಗ ಬಿಚ್ಚುತ್ತಿದ್ದ ಜಟ್ಟಿ ಇದನ್ನು ನೋಡಲಿಲ್ಲ. ಹೋಗುವಾಗ ಉಬ್ಬರವಿತ್ತು, ಮೋಟಾರಿಗೆ ಆಯಾಸ ಯಾಕೆ ಅಂತ ಹುಟ್ಟು ಹಾಕಿಕೊಂಡೇ ಹೋದ.

ಇಳಿತ ಜೋರಾದಾಗ ಬೊಮ್ಮಣ್ಣ ದಡಕ್ಕೆ ಬಂದ. ಗರಿಗರಿ ಬಿಳಿ ಪಂಚೆ, ಬಿಳಿ ಅಂಗಿ. ಹಿಂದೆಯೇ ಮಾದೇವಿ. ಮನೆ ನೋಡಲು ಹುಡುಗಿ ಹೋಗುವ ಪದ್ಧತಿಯಿಲ್ಲ ಅಂದರೆ ಕೇಳಲಿಲ್ಲ, ಬಾಳುವವಳು ತಾನು ಅಂದವಳೇ ದೋಣಿ ಹತ್ತಿ ಕೂತಳು. ಬೊಮ್ಮಣ್ಣ ಮೋಟಾರಿನ ಪಕ್ಕದಲ್ಲೇ ಕೂತ, ಮೋಸವಿದ್ದರೆ ಹಿಡಿಯೋಣ ಅಂತ.

ಜಟ್ಟಿ ಹಗ್ಗ ಎಳೆದ. ದೋಣಿ ನೀರನ್ನು ಸೀಳಿ ಹೊರಟಿತು. ಹೊಳೆಯ ನಡುವೆ ಬಂದಾಗ ಜಟ್ಟಿ ತಿರುಗಿ ನೋಡುತ್ತಾನೆ, ಧಾರೆಯಿಲ್ಲ! ಮೋಟಾರು ಉಚ್ಚೆ ಹೊಯ್ಯುತ್ತಿಲ್ಲ! ಹೀಗೇ ಓಡಿಸಿದರೆ ಒಳಗೆಲ್ಲ ಸುಟ್ಟು ಹಿಡಿದುಕೊಳ್ಳುತ್ತದೆ. ಥಟ್ಟನೆ ಮೋಟಾರು ನಿಲ್ಲಿಸಿದ. ನಿಲ್ಲಿಸಿದ್ದೇ ದೋಣಿ ಅಳಿವೆಯ ಕಡೆ ಜಾರತೊಡಗಿತು. ದೂರದಲ್ಲಿ ತೆರೆ ಒಡೆಯುವುದು ಬೆಳ್ಳಗೆ ಕಂಡಿತು. ಬೊಮ್ಮಣ್ಣ ದೋಣಿಯ ಅಂಚು ಹಿಡಿದು ಕುಲದೇವರನ್ನು ಕರೆಯತೊಡಗಿದ. ಜಟ್ಟಿಗೆ ಹೆದರಿಕೆಗಿಂತ ದುಃಖವೇ ಹೆಚ್ಚಾಯಿತಂತೆ. ಊರವರು ಕುಡಿಯದೆ ಕೊಟ್ಟ ನೀರು, ಇಷ್ಟರಲ್ಲೇ ಮುಗಿಯಿತೇ ಅಂತ. ಮೋಟಾರಿನ ತಲೆಯ ಮೇಲೆ ಕೈಯಿಟ್ಟ. ಬೆಚ್ಚಗಿತ್ತು, ಅಷ್ಟೇ. ಸುಡುತ್ತಿರಲಿಲ್ಲ, ಅಂದರೆ ಒಳಗೆ ನೀರು ಹರಿಯುತ್ತಲೇ ಇತ್ತು.

"ಅದ್ರ ಬಾಯಿಗೆ ಕುಂಕುಮ ತುರುಕಿದ್ದು ಯಾರು?" ಅಂದಳು ಮಾದೇವಿ.

ಅಂದವಳೇ ತಲೆಯಿಂದ ಹೇರ್‌ಪಿನ್ ಕಿತ್ತು, ಅಪ್ಪನ ತೊಡೆಯ ಮೇಲೆ ಬಾಗಿ, ತೂತಿನೊಳಗೆ ಚುಚ್ಚಿ ತಿರುವಿದಳು. ಎಳೆಯಿರಿ ಅಂದಳು. ಜಟ್ಟಿ ಎಳೆದ. ಮೋಟಾರು ಗುರ್ರ್ ಅಂದಿತು, ತೂತಿನಿಂದ ಕೆಂಪು ನೀರು ಚಿಮ್ಮಿ ಬೊಮ್ಮಣ್ಣನ ಬಿಳಿ ಪಂಚೆ, ಬಿಳಿ ಅಂಗಿ, ಮೀಸೆ, ಎಲ್ಲ ಓಕುಳಿಯಾಯಿತು.

ಬೊಮ್ಮಣ್ಣ ತನ್ನ ಪಂಚೆ ನೋಡಿಕೊಂಡ. ಕುರ್ವೆಯ ಕಡೆ ಓಡುತ್ತಿರುವ ದೋಣಿ ನೋಡಿದ. ಸಮುದ್ರದ ಕಡೆ ಓಡುತ್ತಿರುವ ನೀರು ನೋಡಿದ. ಆಮೇಲೆ ಹೊಟ್ಟೆ ಹಿಡಿದುಕೊಂಡು ನಗತೊಡಗಿದ.

"ಮದುವೆಗೆ ಮುಂಚೆನೇ ಓಕುಳಿ ಆಡಿಸಿದ್ರಲ್ಲ!" ಅಂದ. "ಇನ್ನು ಕೊಡೂದಿಲ್ಲ ಅಂದ್ರೆ ಹೇಗೆ?"

ಮದುವೆಯಾಯಿತು. ಗೌರಕ್ಕನ ಮಗನಿಗೂ ಆಯಿತು, ಆಮೇಲೆ ಒಬ್ಬೊಬ್ಬರಿಗಾಗಿ ಎಲ್ಲರಿಗೂ. ಮಾದೇವಿ ಅಪ್ಪನ ನೆನಪಾದಾಗೆಲ್ಲ, ಉಬ್ಬರವಿರಲಿ ಇಳಿತವಿರಲಿ, ಹೊರಟುಬಿಡುತ್ತಿದ್ದಳಂತೆ. ಮೋಟಾರಿನ ಸದ್ದು ದೂರದಲ್ಲಿ ಕೇಳಿದರೆ ಸಾಕು, ಬೊಮ್ಮಣ್ಣ ಗಂಜಿಗೆ ಇನ್ನೊಂದು ಹಿಡಿ ಅಕ್ಕಿ ಹಾಕುತ್ತಿದ್ದನಂತೆ. ಆ ಪಂಚೆಯನ್ನು ಅವನು ಸಾಯುವ ತನಕ ಒಗೆಯಲು ಕೊಡಲಿಲ್ಲ ಅಂತ ಹೇಳುತ್ತಾರೆ.

ಈಗ ಸೇತುವೆ ಬಂದಿದೆ, ನಲ್ಲಿಯಲ್ಲಿ ಸಿಹಿನೀರು ಬರುತ್ತದೆ. ಆದರೂ ಊರಿಗೆ ಹೊಸ ಸಂಬಂಧ ಬರುವ ದಿನ ಮನೆಮನೆಯಿಂದ ಒಂದೊಂದು ತಂಬಿಗೆ ಸಿಹಿನೀರು ಹೊನ್ನೆ ಮರದ ಕೆಳಗಿನ ಪೀಪಾಯಿಗೆ ಬೀಳುತ್ತದೆ. ಜಟ್ಟಿಯ ಮೋಟಾರಿನ ತೂತಿಗೆ ಕುಂಕುಮ ಒತ್ತಿ ಇಡುತ್ತಾರೆ, ಹುಡುಗಿ ತನ್ನ ತಲೆಯ ಹೇರ್‌ಪಿನ್ನಿನಿಂದ ಅದನ್ನು ಬಿಡಿಸುತ್ತಾಳೆ, ಹುಡುಗ ಹಗ್ಗ ಎಳೆಯುತ್ತಾನೆ. ಹೊನ್ನೆಕುರ್ವೆಗೆ ಮಗಳನ್ನು ಕೊಡಲು ಒಪ್ಪಿದ ಅಪ್ಪ ಸೇತುವೆಯ ಮೇಲೆ ಬಿಳಿ ಪಂಚೆ ಉಟ್ಟೇ ಬರುತ್ತಾನೆ, ಬಂದು ಮೋಟಾರಿನ ಪಕ್ಕದಲ್ಲೇ ಕೂರುತ್ತಾನೆ.