ಗೌಡರು ನೇಮಿಸಿದ ನೀರುಗಂಟಿ

ಹೊನ್ನಗೊಂಡನಹಳ್ಳಿಯಲ್ಲಿ ಒಂದು ದೊಡ್ಡ ಕೆರೆ. ಕೆರೆಯ ತೂಬು ತೆರೆದು, ಯಾರ ಗದ್ದೆಗೆ ಯಾವಾಗ ಎಷ್ಟು ನೀರು ಎಂದು ತೀರ್ಮಾನಿಸುವವನಿಗೆ ನೀರುಗಂಟಿ ಎಂದು ಹೆಸರು. ನೀರಿನ ಮಟ್ಟಿಗೆ ಊರಿನ ನ್ಯಾಯಾಧೀಶ ಅವನೇ. ಅವನು ಹೇಳಿದ್ದೇ ಸರದಿ.

ಮೂವತ್ತು ವರ್ಷ ಆ ಕೆಲಸ ಮಾಡಿದ ಮುದ್ದಯ್ಯನಿಗೆ ಕಣ್ಣು ಮಂಜಾಯಿತು. ಇನ್ನು ನನ್ನಿಂದಾಗದು ಎಂದು ಮನೆಯಲ್ಲಿ ಕೂತ. ಹೊಸಬನನ್ನು ನೇಮಿಸಬೇಕಾಯಿತು. ಅಲ್ಲಿಂದ ಶುರುವಾಯಿತು ನೋಡಿ ಪೇಚಾಟ.

ಊರಿನಲ್ಲಿ ಎರಡು ಪಕ್ಷ. ಮೇಲಿನ ಕೇರಿಗೆ ಬೋರಲಿಂಗೇಗೌಡರು ಮುಖಂಡರು. ಕೆಳಗಿನ ಕೇರಿಗೆ ಲೋಕಪ್ಪ. ಆ ಸಲ ಪಂಚಾಯಿತಿ ಚುನಾವಣೆಯಲ್ಲಿ ಗೆದ್ದವರು ಗೌಡರ ಕಡೆಯವರು. ಜನ ವೋಟು ಹಾಕಿದ್ದು ನಮಗೆ, ಆದ್ದರಿಂದ ನೀರುಗಂಟಿಯನ್ನು ನೇಮಿಸುವವರೂ ನಾವೇ ಎಂದರು ಗೌಡರು. ಕೆಲಸ ಬಲ್ಲವರು ಮುದ್ದಯ್ಯನೂ ಅವನ ಕೈಕೆಳಗೆ ದುಡಿದವರೂ, ಆರಿಸಬೇಕಾದವರು ಅವರೇ ಎಂದ ಲೋಕಪ್ಪ. ಹಾಗಾದರೆ ಅವರು ತಮ್ಮ ಅಳಿಯಂದಿರನ್ನೇ ಆರಿಸುತ್ತಾರೆ ಎಂದರು ಗೌಡರು. ನೀವು ನಿಮ್ಮ ಬಾವುಟ ಹಿಡಿದವನನ್ನು ಆರಿಸುತ್ತೀರಿ ಎಂದ ಲೋಕಪ್ಪ. ಇಬ್ಬರ ಮಾತಿನಲ್ಲೂ ನಿಜ ಇತ್ತು. ತಮಾಷೆ ಏನೆಂದರೆ, ಹಿಂದಿನ ಸಲ ಲೋಕಪ್ಪನ ಪಕ್ಷ ಗೆದ್ದಿದ್ದಾಗ, ಊರ ಕಾವಲುಗಾರನನ್ನು ನೇಮಿಸುವ ಮಾತು ಬಂದು, ಅವನ ಈ ಭಾಷಣವನ್ನು ಗೌಡರೂ, ಗೌಡರ ಭಾಷಣವನ್ನು ಅವನೂ ಮಾಡಿದ್ದರು. ನ್ಯಾಯಾಧೀಶರನ್ನು ಯಾರು ನೇಮಿಸಬೇಕೆಂದು ಸಂಸತ್ತಿನಲ್ಲಿ ಕೂಗಾಡುತ್ತಾರಲ್ಲ, ಅದಕ್ಕೆ ಇವರ ಸಭೆ ಏನೇನೂ ಕಡಿಮೆ ಇರಲಿಲ್ಲ.

ಸಭೆ ಒಂಬತ್ತು ದಿನ ನಡೆಯಿತು. ಎದುರಾಳಿಗಳು ಎಲ್ಲಿ ತೂಬು ತೆರೆದುಬಿಡುತ್ತಾರೋ ಎಂದು ಎರಡೂ ಪಕ್ಷದವರು ಕೆರೆ ಏರಿಯ ಮೇಲೆ ಕಾವಲು ಹಾಕಿದರು. ಎರಡೂ ಕಾವಲಿನವರು ಒಂದೇ ಹುಣಸೆ ಮರದ ಕೆಳಗೆ ಕೂತು ಎಲೆ ಅಡಿಕೆ ಹಂಚಿಕೊಂಡರು. ತೂಬು ಮಾತ್ರ ಯಾರೂ ತೆರೆಯಲಿಲ್ಲ. ಕೆರೆ ತುಂಬ ನೀರಿದ್ದೂ ಗದ್ದೆಗಳು ಒಣಗತೊಡಗಿದವು.

ಕಾಲುವೆಯ ತೀರಾ ಕೊನೆಯಲ್ಲಿ ಕೆಂಪಮ್ಮನ ಹದಿನೈದು ಗುಂಟೆ ಗದ್ದೆ. ಗಂಡ ಇಲ್ಲದ ಹೆಂಗಸು, ಮನೆಯಲ್ಲಿ ಇಬ್ಬರು ಹೆಣ್ಣುಮಕ್ಕಳು. ವರ್ಷದ ಅನ್ನ ಎಂದರೆ ಆ ಗದ್ದೆಯೇ. ಬತ್ತ ಹೊಡೆಗೆ ಬಂದು ತೆನೆ ಹೊರಡುವ ಹೊತ್ತು, ಇನ್ನು ನಾಲ್ಕು ದಿನ ನೀರು ಸಿಗದಿದ್ದರೆ ತೆನೆಯೆಲ್ಲ ಜೊಳ್ಳು. ಹತ್ತನೆಯ ದಿನ ಅವಳು ನೇರ ಸಭೆಗೆ ಬಂದು ನಿಂತಳು.

"ಗೌಡ್ರೇ, ಲೋಕಣ್ಣ, ಯಾರಾದ್ರೂ ನೇಮಿಸ್ಕಳಿ, ನಂಗೆ ಅದು ಬ್ಯಾಡ" ಎಂದಳು. "ಕೆಲ್ಸ ಗೊತ್ತು ಅಂತ ಮುದ್ದಯ್ಯ ಒಪ್ಪಿರ್ಬೇಕು, ಅಷ್ಟೇಯ. ಆದ್ರೆ ನೇಮ್ಕ ಆದ್ಮೇಲೆ ಅವುನ್ನ ತೆಗೆಯೋ ಅಧಿಕಾರ ನಿಮ್ಮಿಬ್ರ ಕೈಲೂ ಇರ್ಬಾರ್ದು. ಅವ್ನ ಕೂಲಿ ಒಬ್ರ ಮನೆಯಿಂದ ಬರ್ಬಾರ್ದು, ಎಲ್ರ ಗದ್ದೆಯಿಂದ್ಲೂ ಬತ್ತದ ಹೊರೆ ಬರ್ಬೇಕು. ನನ್ನ ಗದ್ದೆಯಿಂದ್ಲೂ."

ಯಾರಿಗೂ ಬೇಡ ಎನ್ನಲು ಕಾರಣ ಸಿಗಲಿಲ್ಲ. ನಿಜ ಹೇಳಬೇಕೆಂದರೆ ಎಲ್ಲರಿಗೂ ಕೂತು ಕೂತು ಸೊಂಟ ಹಿಡಿದಿತ್ತು. ಯಾವ ನೀರುಗಂಟಿಯೇ ಆಗಲಿ, ನೇಮಕವಾದ ಮೇಲೆ ಒಂದು ವರ್ಷ ಅವನನ್ನು ಯಾರೂ ತೆಗೆಯುವಂತಿಲ್ಲ, ಕೂಲಿಗೆ ಗದ್ದೆಗೊಂದು ಹೊರೆ ಎಂದು ಬರೆದು ಗೌಡರೂ ಲೋಕಪ್ಪನೂ ಸಹಿ ಹಾಕಿದರು. ಕೆಲಸ ಬಲ್ಲವರೆಂದು ಮುದ್ದಯ್ಯ ಮೂವರ ಹೆಸರು ಹೇಳಿದ. ಪಂಚಾಯಿತಿ ಸದಸ್ಯರಲ್ಲಿ ಗೌಡರ ಕಡೆಯವರೇ ಹೆಚ್ಚು, ಅವರ ಕೈ ಎತ್ತಿಸಿದಾಗ ಗೆದ್ದವನು ಮಾದೇಶ.

ಮಾದೇಶ ಗೌಡರ ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದವನು. ಲೋಕಪ್ಪನ ಮುಖ ಚಿಕ್ಕದಾಯಿತು. ಗೌಡರ ಗದ್ದೆ ತೂಬಿನ ಬುಡದಲ್ಲೇ ಇತ್ತು. ಮೊದಲ ನೀರೆಲ್ಲ ಅಲ್ಲೇ ನಿಂತುಬಿಟ್ಟರೆ ತನ್ನ ಗತಿ ಏನು ಎಂದು ಕೆಂಪಮ್ಮ ಕಂಗಾಲಾದಳು.

ಮರುದಿನ ಬೆಳಿಗ್ಗೆ ಮಾದೇಶ ತೂಬು ತೆರೆಯುವ ಮೊದಲು ಎಲ್ಲರ ಗದ್ದೆ ಸುತ್ತಿದ. ಪ್ರತಿ ಗದ್ದೆಯಲ್ಲೂ ಕೋಲು ಊರಿ ನೋಡಿದ. ಗೌಡರ ಗದ್ದೆಯಲ್ಲಿ ಏರಿಯ ಜಿನುಗು ನೀರಿಗೆ ಕೋಲು ಒಂದು ಗೇಣು ಇಳಿಯಿತು. ಕೆಂಪಮ್ಮನ ಗದ್ದೆಯಲ್ಲಿ ಬೆರಳಿನಷ್ಟೂ ಇಳಿಯಲಿಲ್ಲ. ಅವನು ಬಂದು ತೂಬು ತೆರೆದ. ಗೌಡರ ಗದ್ದೆಯ ಕಂಡಿಗೆ ಮಣ್ಣು ಹಾಕಿ ಮುಚ್ಚಿ, ನೀರನ್ನು ಕಾಲುವೆಯ ಕೊನೆಗೆ ಬಿಟ್ಟ.

ಸುದ್ದಿ ತಿಳಿದು ಗೌಡರು ಪಂಚೆ ಎತ್ತಿ ಕಟ್ಟಿಕೊಂಡು ಓಡಿ ಬಂದರು. "ನಿನ್ನ ನೇಮಿಸಿದ್ದು ಯಾರು, ಗ್ಯಾಪ್ಕ ಐತೇನೋ ಮಾದೇಶ?" ಎಂದರು.

"ಐತೆ ಗೌಡ್ರೇ, ನೀವೇಯ. ತೆಗೆಯಂಗಿಲ್ಲ ಅಂತ ಸಹಿ ಹಾಕಿದೋರೂ ನೀವೇಯ. ನಿಮ್ಮ ಸರದಿ ನಾಡಿದ್ದು."

ಅಷ್ಟರಲ್ಲಿ ಅಲ್ಲಿಗೆ ಬಂದಿದ್ದ ಲೋಕಪ್ಪ ನಗುತ್ತ, ಹಾಗಾದರೆ ನನ್ನದು ನಾಳೆಯೇನೋ ಎಂದು ಕೇಳಿದ. ನಿಮ್ಮದು ಅದರ ಮಾರನೆಯ ದಿನ ಎಂದ ಮಾದೇಶ. ಅವನ ನಗುವೂ ನಿಂತಿತು.

ಗೌಡರು ಏರಿಯ ಮೇಲೆ ಕೂತರು. ಸಿಟ್ಟಿನಲ್ಲಿ ಮುಖ ಕೆಂಪಾಗಿತ್ತು. ಅಷ್ಟರಲ್ಲಿ ಕಾಲುವೆಯ ಕೊನೆಯಲ್ಲಿ ಕೆಂಪಮ್ಮನ ಗದ್ದೆಗೆ ನೀರು ನುಗ್ಗಿತು. ಅವಳು ಕಾಲು ಮುಳುಗುವ ನೀರಿನಲ್ಲಿ ನಿಂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಗೌಡರು ತುಂಬಾ ಹೊತ್ತು ಅದನ್ನೇ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ತಲೆಗೆ ಏನೋ ಹೊಳೆಯಿತು. ಭುಜ ಸಡಿಲಾಯಿತು. ಪಕ್ಕದಲ್ಲಿದ್ದ ಲೋಕಪ್ಪನ ಕಡೆ ತಿರುಗಿದರು.

"ಮುಂದಿನ ಸಲ ನೀನು ಗೆದ್ದು ನಿನ್ನೋನ್ನೇ ನೇಮಿಸಿದ್ರೂ, ನನ್ನ ಗದ್ದೆ ಒಣಗಾಕಿಲ್ಲ ಅಲ್ವೇನೋ ಲೋಕಪ್ಪ?"

ಲೋಕಪ್ಪ ಹೌದು ಎಂದು ತಲೆಯಾಡಿಸಿದ. ಗೌಡರು ನೆಮ್ಮದಿಯಿಂದ ಉಸಿರು ಬಿಟ್ಟು, ತಮ್ಮ ಸರದಿ ಕಾಯಲು ಮನೆಗೆ ಹೊರಟರು.

ನೀತಿ: ನ್ಯಾಯ ಹೇಳುವವನನ್ನು ಯಾರು ನೇಮಿಸಿದರು ಎಂಬುದಷ್ಟೇ ಮುಖ್ಯವಲ್ಲ. ನೇಮಕವಾದ ಮೇಲೆ ಅವನು ನೇಮಿಸಿದವರಿಗೂ ಹೆದರಬೇಕಿಲ್ಲದಂತೆ ಕಟ್ಟುಪಾಡು ಇರಬೇಕು. ಅದು ಇಂದು ಸೋತವರನ್ನು ಕಾಯುತ್ತದೆ, ನಾಳೆ ಸೋಲುವವರನ್ನೂ ಕಾಯುತ್ತದೆ.