ಕುಹೂ ಎಂದ ಕಾಗೆಮರಿ

ಮಾವಿನ ಮರದ ಕೋಗಿಲೆ ಶಾಲೆಯಲ್ಲಿ ಮರಿಗೊಂದು ಸೀಟು ಸಿಕ್ಕಿದರೆ ತನ್ನ ಜನ್ಮ ಸಾರ್ಥಕವೆಂದು ನಂಬಿದ್ದ ಕಾಗಕ್ಕ, ಇನ್ನೂ ರೆಕ್ಕೆ ಬಲಿಯದ ಕೂಸನ್ನು ಕೊಂಬೆಯಿಂದ ಕೊಂಬೆಗೆ ಕುಪ್ಪಳಿಸುವಂತೆ ಮಾಡಿ ಸಂದರ್ಶನಕ್ಕೆ ಕರೆತಂದಳು.

“ಮನೆಯಲ್ಲಿ ಏನು ಮಾತಾಡುತ್ತೀರಿ?” ಎಂದು ಕೋಗಿಲೆ ಮೇಷ್ಟ್ರು ಕೇಳಿದರು. ಅವರು ಕಣ್ಣು ಬಿಟ್ಟದ್ದೂ ಕಾಗೆಯ ಗೂಡಿನಲ್ಲೇ; ಅದನ್ನು ಅವರೂ ಹೇಳಲಿಲ್ಲ, ಇವಳೂ ಎತ್ತಲಿಲ್ಲ.

“ಕಾ ಅಂತೀವಿ, ಸ್ವಾಮಿ. ಒಬ್ಬರು ಕಾ ಅಂದರೆ ಸಾಕು, ನಮ್ಮವರೆಲ್ಲ ಹಾರಿ ಬರುತ್ತಾರೆ.”

“ಮರಿಯ ಬಾಯಲ್ಲಿ ಕಾ ಇರುವ ತನಕ ಇಲ್ಲಿ ಜಾಗವಿಲ್ಲ, ತಾಯಿ. ಬಿಡಿಸಿಕೊಂಡು ಬನ್ನಿ.”

ಕಾಗಕ್ಕ ಬಿಡಿಸಿಯೇ ಬಿಟ್ಟಳು. ಮರಿ ಹಸಿದು ಕಾ ಎಂದರೆ ತುತ್ತಿಲ್ಲ, ಹೆದರಿ ಕಾ ಎಂದರೆ ನೆತ್ತಿಗೊಂದು ಕುಕ್ಕು. ಮಾವಿನ ಮಿಡಿ ದಪ್ಪಗಾಗುವ ಹೊತ್ತಿಗೆ ಮರಿ ಎಲ್ಲದಕ್ಕೂ ಕುಹೂ ಎನ್ನತೊಡಗಿತು. ಸೀಟು ಸಿಕ್ಕಿತು.

ಶಾಲೆಯ ಮೊದಲ ದಿನ ಮರಿಯನ್ನು ಕೊಂಬೆಯ ಮೇಲೆ ಕೂರಿಸಿ, ಕಾಗಕ್ಕ ಪಕ್ಕದ ಹುಣಸೆ ಮರಕ್ಕೆ ಹಾರಿ ಬಳಗದವರೆದುರು ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಅತ್ತ ಮಾವಿನ ಎಲೆಗಳ ಮರೆಯಲ್ಲಿ ಹೊಂಚು ಹಾಕಿದ್ದ ಬೆಕ್ಕು ಮರಿಯ ಕಾಲಿಗೆ ಬಾಯಿ ಹಾಕಿತು.

“ಕುಹೂ! ಕುಹೂ!” ಎಂದು ಮರಿ ಚೀರಿತು.

ಹುಣಸೆ ಮರದ ಕಾಗೆಗಳು ಕಿವಿಗೊಟ್ಟು ಕೇಳಿದವು. “ಯಾವುದೋ ಕೋಗಿಲೆ ಮರಿ, ಬಿಡಿ” ಎಂದಿತು ಒಂದು ಮುದಿ ಕಾಗೆ.

“ಆದರೂ ಉಚ್ಚಾರ ಎಷ್ಟು ಚೆನ್ನಾಗಿದೆ!” ಎಂದಳು ಕಾಗಕ್ಕ. “ಯಾವ ಪುಣ್ಯವಂತೆ ಹೆತ್ತ ಕೂಸೋ!”