ಅರಸಿನವರ ಕಾರಿನ ಗಡಿಯಾರ

ಮೈಸೂರಿನಲ್ಲಿ ಹಳೇ ಕಾರುಗಳ ಗಡಿಯಾರ ರಿಪೇರಿ ಮಾಡುವ ದೊಡ್ಡತಾಯಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬ ಮಗ, ಗುರುಮಲ್ಲ. ಪೆದ್ದ ಅಂದರೆ ಪೆದ್ದ. ಅದು ಅವನಿಗೂ ಗೊತ್ತಿತ್ತು. ಅವ್ವ ಬೈಯಲು ಶುರು ಮಾಡಿದರೆ ತಾನೂ ನಾಲ್ಕು ಸೇರಿಸುತ್ತಿದ್ದ.

"ನಾನು ಕಣ್ಣು ಮುಚ್ಚಿದ ಮೇಲೆ ಈ ಅಂಗಡಿ ಗತಿ ಏನೋ?"

"ಗೋವಿಂದಾನೇ ಕಣವ್ವ."

ಒಂದು ದಿನ ಲಿಂಗರಾಜೇ ಅರಸಿನವರ ಹಳೇ ಕಾರಿನ ಗಡಿಯಾರ ಬಂತು. ಮೊಮ್ಮಗಳನ್ನು ಅದೇ ಕಾರಲ್ಲಿ ಮದುವೆ ಛತ್ರಕ್ಕೆ ಕರೆದೊಯ್ಯಬೇಕು, ಗಡಿಯಾರ ಓಡುತ್ತಿರಬೇಕು. ಕೆಲಸ ಹಿಡಿಸಿದರೆ ಗೆಳೆಯರ ಕಾರುಗಳನ್ನೂ ಕಳಿಸುತ್ತೇನೆ ಅಂದಿದ್ದರು. ಹಾಗಾದರೆ ಮಗನ ಕಾಲಕ್ಕೂ ಅಂಗಡಿ ಉಳಿಯುತ್ತೆ ಅಂತ ಅವ್ವನ ಆಸೆ.

"ಎಣ್ಣೆ ಬಿಡೋ," ಅಂದಳು. ಗುರುಮಲ್ಲ ಬಟ್ಟಲು ತುಂಬ ತಂದು ಸುರಿದ.

"ಅಯ್ಯೋ ಪೆದ್ದು ಮುಂಡೇದೇ! ಎಣ್ಣೇನ ಸೂಜಿ ಮೊನೇಲಿ ಮುಟ್ಟಿಸಬೇಕು!"

"ಹೌದು ಕಣವ್ವ, ನನ್ನ ತಲೇಲಿರೋದು ಬರೀ ಮಣ್ಣು."

ಮಾರನೇ ದಿನ ಗುರುಮಲ್ಲ ಅರಸಿನವರ ಮನೆಗೆ ಹೋದಾಗ ಅವರು ಕಾರಿನ ಇಂಜಿನ್ನಿಗೆ ಎಣ್ಣೆ ಹಾಕು ಅಂದರು. ಗುರುಮಲ್ಲ ಸೂಜಿ ಹಿಡಿದು ಕೂತ. ಅದ್ದಿದ, ಮುಟ್ಟಿಸಿದ. ಅದ್ದಿದ, ಮುಟ್ಟಿಸಿದ. ಸಂಜೆಯಾದರೂ ಡಬ್ಬಿ ತುಂಬಿದ ಹಾಗೇ ಇತ್ತು.

"ಅದು ಇಂಜಿನ್ನು ಕಣೋ, ಸುರೀಬೇಕು!" ಅಂತ ಅವ್ವ ತಲೆ ಚಚ್ಚಿಕೊಂಡಳು. " ಎಣ್ಣೆ ಸಹವಾಸವೇ ಬೇಡ. ಗಡಿಯಾರ ಕೂರಿಸಿ ಬಾ."

ಬ್ಯಾಟರಿ ತಂತಿ ಬಿಚ್ಚದೆ ಕೈ ಹಾಕಿದ. ಫಟ್ ಅಂತ ಕಿಡಿ ಹಾರಿ ಅರ್ಧ ಮೀಸೆ ಸುಟ್ಟುಹೋಯಿತು.

"ಕಾರಲ್ಲಿ ಏನೇ ಎಡವಟ್ಟಾಗಲಿ, ಮೊದಲು ಬ್ಯಾಟರಿ ತಂತಿ ಬಿಚ್ಚಿ ಗಡಿಯಾರ ನಿಲ್ಲಿಸು. ಮಿಕ್ಕಿದ್ದು ಆಮೇಲೆ. ತಿಳೀತಾ?"

"ಉಳಿದರ್ಧ ಮೀಸೆ ಮೇಲಾಣೆ ಕಣವ್ವ."

ಕೊನೆಗೆ ಅವ್ವನೇ ಹೋಗಿ ಗಡಿಯಾರ ಕೂರಿಸಿದಳು.

ಮದುವೆ ದಿನ ಅರಸಿನವರೇ ಕಾರು ಓಡಿಸಿದರು. ಗಡಿಯಾರ ಕೆಟ್ಟರೆ ನೋಡಿಕೊಳ್ಳಲಿ ಅಂತ ತಾಯಿ ಮಗನನ್ನೂ ಕೂರಿಸಿಕೊಂಡಿದ್ದರು: ಪಕ್ಕದಲ್ಲಿ ಗುರುಮಲ್ಲ, ಹಿಂದೆ ಮದುಮಗಳು ಮತ್ತು ಅವ್ವ. ಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು. ಅವ್ವನಿಗೆ ಸಂತೋಷಕ್ಕೆ ಕಣ್ಣು ತುಂಬಿ ಬಂತು.

ದಾರಿಯಲ್ಲಿ ರೈಲ್ವೆ ಗೇಟು ಬಿತ್ತು. ಅರಸಿನವರು ಇಂಜಿನ್ ಆರಿಸಿದರು. ಗೂಡ್ಸು ರೈಲು ಮುಗಿಯುವಂತೆಯೇ ಇಲ್ಲ.

"ಎಡವಟ್ಟಾಯ್ತಲ್ಲಪ್ಪ! ಮುಹೂರ್ತ ಮೀರಿ ಹೋಗುತ್ತೆ!" ಅಂದರು ಅರಸಿನವರು.

ಗುರುಮಲ್ಲನಿಗೆ ಅವ್ವನ ಮಾತು ನೆನಪಾಯಿತು. ಥಟ್ಟನೆ ಇಳಿದ, ಬಾನೆಟ್ ಎತ್ತಿದ, ತಂತಿ ಬಿಚ್ಚಿದ. ಯಾರೂ ಮತ್ತೆ ಸಿಕ್ಕಿಸಬಾರದು ಅಂತ ಅದನ್ನು ಚರಂಡಿಗೆ ಎಸೆದೂ ಬಿಟ್ಟ. ಒಳಗೆ ಬಗ್ಗಿ ನೋಡಿದರೆ ಗಡಿಯಾರ ನಿಂತಿತ್ತು. ಸದ್ಯ, ಇದೊಂದು ಸಲ ನನ್ನ ಮಣ್ಣು ತಲೆ ಕೆಲಸ ಮಾಡಿತು ಅಂದುಕೊಂಡ.

ಗೇಟು ತೆರೆಯಿತು. ಕಾರು ಮಾತ್ರ ಕದಲಲಿಲ್ಲ.

ಜರಿ ಪೇಟದ ಅರಸಿನವರು ಇಳಿದು ತಳ್ಳಿದರು. ರೇಷ್ಮೆ ಸೀರೆಯ ಮದುಮಗಳೂ ತಳ್ಳಿದಳು. ಅವ್ವ ಅಳುತ್ತಾ ತಳ್ಳಿದಳು. "ಅಂಗಡಿ ಹೋಯ್ತಲ್ಲೋ, ನಿನ್ನ ಗತಿ ಏನೋ!"

ಒಳಗೆ ಕೂತು ಗಡಿಯಾರವನ್ನೇ ನೋಡುತ್ತಿದ್ದ ಗುರುಮಲ್ಲ ಕಿಟಕಿಯಿಂದ ತಲೆ ಹೊರಗೆ ಹಾಕಿದ.

"ಅಳಬೇಡ ಕಣವ್ವ. ಮುಹೂರ್ತಕ್ಕೆ ಇನ್ನೂ ಹೊತ್ತಿದೆ. ನಿಧಾನವಾಗೇ ತಳ್ಳಿ."